ಗಾಳಿ ಊರಿನಿಂದ ಸೈಕಲ್ ರೇಸಿಗೆ: ಮೊದಲ ಸಲ ಹೋಗುವವರ ತಯಾರಿ

ನನ್ನ ಮೊದಲ ಸೈಕಲ್ ರೇಸಿನಲ್ಲಿ ನಾನು 12 ಕಿಲೋಮೀಟರ್ ಎಲ್ಲರಿಗಿಂತ ಮುಂದಿದ್ದೆ. ರೇಸ್ ಇದ್ದದ್ದು 48 ಕಿಲೋಮೀಟರ್.

ಬೆಂಗಳೂರಿನ ಹೊರಗೆ ಒಂದು ಭಾನುವಾರ, ಬೆಳಗ್ಗೆ ಆರೂವರೆಗೆ ಶುರು. ಎದುರು ಗಾಳಿ ಇತ್ತು. ಚಿತ್ರದುರ್ಗದವನಿಗೆ ಗಾಳಿ ಏನು ಹೊಸದಾ? ಗುಡ್ಡದ ನೆತ್ತಿಯ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವ ಊರು ನಮ್ಮದು. ಇವರು ನೋಡಿರೋದು ಯಾವ ಗಾಳಿ ಅಂದುಕೊಂಡು ಹ್ಯಾಂಡಲ್ ಮೇಲೆ ಬಗ್ಗಿ ತುಳಿದೆ. ಒಮ್ಮೆ ತಿರುಗಿ ನೋಡಿದರೆ ನನ್ನ ಹಿಂದೆ ಇಪ್ಪತ್ತು ಮೂವತ್ತು ಜನ, ರೈಲು ಬೋಗಿಗಳ ಹಾಗೆ ಒಂದೇ ಸಾಲಿನಲ್ಲಿ ಬರುತ್ತಿದ್ದರು. ನನ್ನ ಹಿಂದೆಯೇ ಇದ್ದವನು ಒಂದು ಕೈ ಬಿಟ್ಟು ಹಲ್ಲಿನಿಂದ ಬಾಳೆಹಣ್ಣು ಸುಲಿಯುತ್ತಿದ್ದ. ನನಗೆ ಹೆಮ್ಮೆ ಬೇರೆ. ಇಷ್ಟು ಜನರನ್ನು ಒಬ್ಬನೇ ಎಳೆಯುತ್ತಿದ್ದೇನಲ್ಲ ಅಂತ.

ಆಮೇಲೆ ಒಂದು ಏರು ಬಂತು. ನಮ್ಮ ಕಡೆ ಅದನ್ನು ಏರು ಅಂತ ಯಾರೂ ಕರೆಯೋದಿಲ್ಲ, ಅಷ್ಟು ಸಣ್ಣದು. ಬಾಳೆಹಣ್ಣಿನವನು ಪಕ್ಕದಲ್ಲಿ ಹಾದು ಹೋದ. ಅವನ ಹಿಂದೆ ಮಿಕ್ಕವರೆಲ್ಲ ಹೋದರು. ಉಳಿದ 36 ಕಿಲೋಮೀಟರ್ ನಾನೊಬ್ಬನೇ ತುಳಿದೆ.

ಕಾಲಲ್ಲಿ ಶಕ್ತಿ ಇಲ್ಲದೆ ನಾನು ಸೋತಿರಲಿಲ್ಲ. ಗಾಳಿಯಿಂದ ಅವಿತುಕೊಳ್ಳೋದು ನನಗೆ ಗೊತ್ತಿರಲಿಲ್ಲ, ಅಷ್ಟೇ. ಚಿತ್ರದುರ್ಗ, ದಾವಣಗೆರೆ ಕಡೆಯ ನಾವೆಲ್ಲ ಹೆಚ್ಚಾಗಿ ಒಬ್ಬೊಬ್ಬರೇ ಓಡಿಸುತ್ತೇವೆ. ಗಾಳಿಗೆ ಎದೆ ಕೊಟ್ಟು ಗಟ್ಟಿಯಾಗುತ್ತೇವೆ. ರೇಸಿನಲ್ಲಿ ಆ ಗಟ್ಟಿತನ ಬೇರೆಯವರಿಗೆ ನೆರಳಾಗುತ್ತದೆ. ಹಾಗಾಗಿ ಈ ಬರಹದಲ್ಲಿ ಸೈಕಲ್ಲು, ಊಟ, ಅಭ್ಯಾಸ ಎಲ್ಲ ಇದ್ದರೂ ಗಾಳಿಯ ಮಾತು ಸ್ವಲ್ಪ ಜಾಸ್ತಿ ಇರುತ್ತದೆ.

ಮೊದಲು ರೇಸ್ ಆರಿಸಿಕೊಳ್ಳಿ

ಹವ್ಯಾಸಿಗಳ ರಸ್ತೆ ರೇಸಿನಲ್ಲಿ ಮುಖ್ಯವಾಗಿ ಮೂರು ಬಗೆ. ಎಲ್ಲರೂ ಒಟ್ಟಿಗೆ ಹೊರಟು ಮೊದಲು ಗೆರೆ ದಾಟಿದವರು ಗೆಲ್ಲೋದು ಒಂದು. ಇದಕ್ಕೆ ಮಾಸ್ ಸ್ಟಾರ್ಟ್ ಅನ್ನುತ್ತಾರೆ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರದ ಮೇಲೆ ಲೆಕ್ಕ ಹಾಕೋದು ಟೈಮ್ ಟ್ರಯಲ್. ಗುಡ್ಡದ ಬುಡದಿಂದ ತುದಿಗೆ ಓಡಿಸೋದು ಹಿಲ್ ಕ್ಲೈಂಬ್. ಇವಲ್ಲದೆ ಚಿಕ್ಕ ಸುತ್ತನ್ನು ಮತ್ತೆ ಮತ್ತೆ ಸುತ್ತುವ ಕ್ರೈಟೀರಿಯಮ್ ಅನ್ನೋದೂ ಇದೆ. ತಿರುವಿಗೊಮ್ಮೆ ಎದ್ದು ತುಳಿಯಬೇಕು, ಹೊಸಬರಿಗೆ ಬೇಡ.

ಮೊದಲ ಸಲ ಹೋಗುವವರಿಗೆ ನಾನು ಹೇಳೋದು ಟೈಮ್ ಟ್ರಯಲ್. ಗಾಳಿ ತಪ್ಪಿಸಿಕೊಳ್ಳಲು ಇನ್ನೊಬ್ಬರ ಬೆನ್ನ ಹಿಂದೆ ಕೂರುವಂತಿಲ್ಲ. ಹಾಗಾಗಿ ಒಬ್ಬರಿಗೊಬ್ಬರು ತಗಲಿ ಬೀಳುವ ಭಯ ಕಡಿಮೆ. ನಂಬರ್ ಕಟ್ಟೋದು, ಸಾಲಲ್ಲಿ ನಿಲ್ಲೋದು, ಎದೆ ಡವಡವ ಅನ್ನೋದು ಎಲ್ಲ ಒಮ್ಮೆ ಅಭ್ಯಾಸ ಆಗುತ್ತದೆ. ಎರಡನೆಯದು ಹಿಲ್ ಕ್ಲೈಂಬ್. ವೇಗ ಕಡಿಮೆ, ಬಿದ್ದರೂ ಏಟು ಕಡಿಮೆ. ಮಾಸ್ ಸ್ಟಾರ್ಟ್ ಮೂರನೆಯದಾಗಿ ಇರಲಿ. ನಾನು ಇದನ್ನೇ ಉಲ್ಟಾ ಮಾಡಿದ್ದೆ.

ಬೆಂಗಳೂರಿನ ಸುತ್ತ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್ ಹೆಸರಿನಲ್ಲಿ ಹವ್ಯಾಸಿಗಳ ರೇಸುಗಳು ನಡೆಯುತ್ತಾ ಬಂದಿವೆ. ನಂದಿ ಬೆಟ್ಟ ಹತ್ತುವ ರೇಸ್ ಅಂದರೆ ಅಲ್ಲಿನವರಿಗೆ ಹಬ್ಬ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ರೇಸಿಗಿಂತ ಯಾತ್ರೆ ಅನ್ನಬಹುದು. ಆದರೆ ಅದರಲ್ಲೂ ಕೆಲವು ದಾರಿತುಂಡುಗಳಿಗೆ ಗಡಿಯಾರ ಇಟ್ಟು ಸ್ಪರ್ಧೆ ಮಾಡುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆ ಜಾತ್ರೆಗಳಲ್ಲೇ ಸೈಕಲ್ ಸ್ಪರ್ಧೆ ಇಡುತ್ತಾರೆ. ರಾಜ್ಯದ ಒಳ್ಳೆಯ ಸೈಕ್ಲಿಸ್ಟುಗಳಲ್ಲಿ ಬಹಳ ಜನ ಬಂದದ್ದು ಆ ಕಡೆಯಿಂದಲೇ. ಆ ಹುಡುಗರು ಸಾಲಲ್ಲಿ ನಿಂತಿದ್ದರೆ ಮೊದಲ ಮೂರು ಸ್ಥಾನದ ಆಸೆ ಬಿಟ್ಟು ಅವರು ಹೇಗೆ ಓಡಿಸುತ್ತಾರೆ ಅಂತ ನೋಡಿ. ಫೀಸು ವಸೂಲಾಗುತ್ತದೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಬ್ರೆವೆ ಅಂತ ಒಂದಿದೆಯಲ್ಲ, 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸೋದು, ಅದು ರೇಸ್ ಅಲ್ಲ. ಅದರಲ್ಲಿ ಮೊದಲು ಬಂದವರು, ಕೊನೆಗೆ ಬಂದವರು ಅಂತ ಇಲ್ಲ. ಬ್ರೆವೆ ಮಾಡಿದವರಿಗೆ ತಾಳ್ಮೆ ಬಂದಿರುತ್ತದೆ, ರೇಸಿನ ಜಗ್ಗಾಟ ಬಂದಿರೋದಿಲ್ಲ.

ಹೆಸರು ಬರೆಸುವಾಗ ನಿಮ್ಮ ವಿಭಾಗ ಸರಿಯಾಗಿ ನೋಡಿ. ತೆಳು ಟೈರಿನ ರೋಡ್ ಬೈಕ್, ನೆಟ್ಟಗಿನ ಹ್ಯಾಂಡಲಿನ ಹೈಬ್ರಿಡ್ ಅಥವಾ ದಪ್ಪ ಟೈರಿನ ಎಂಟಿಬಿ (ಮೌಂಟನ್ ಬೈಕ್), ಮಹಿಳೆಯರು, ವಯಸ್ಸಾದವರಿಗೆ ಮಾಸ್ಟರ್ಸ್, ಹೀಗೆ ಬೇರೆ ಬೇರೆ ಇರುತ್ತವೆ. ಹೈಬ್ರಿಡ್ ಇಟ್ಟುಕೊಂಡು ಎಲ್ಲರಿಗೂ ಬಿಟ್ಟ ಓಪನ್ ವಿಭಾಗದಲ್ಲಿ ನಿಂತರೆ ಲಗೇಜ್ ಗಾಡಿಯಲ್ಲಿ ಎಕ್ಸ್‌ಪ್ರೆಸ್ ರೈಲು ಬೆನ್ನಟ್ಟಿದ ಹಾಗೆ.

ಸೈಕಲ್ಲು: ಇರೋದನ್ನೇ ಸರಿ ಮಾಡಿ

ಹೊಸ ಸೈಕಲ್ ತಗೊಂಡ್ರೆ ರೇಸ್ ಗೆಲ್ಲಬಹುದು ಅನ್ನೋದು ಅಂಗಡಿಯವರಿಗೆ ಒಳ್ಳೆಯ ಮಾತು. ಮೊದಲ ವರ್ಷ ಇರುವ ಸೈಕಲ್ಲನ್ನೇ ಓಡಿಸಿ. ದುಡ್ಡು ಹಾಕೋದಾದರೆ ಮೊದಲು ಸೀಟಿನ ಎತ್ತರ ಸರಿ ಮಾಡಿಸಿ, ಆಮೇಲೆ ಟೈರು, ಆಮೇಲೆ ಹೆಲ್ಮೆಟ್ಟು. ಫ್ರೇಮು ಕಾರ್ಬನ್ನೋ ಅಲ್ಯೂಮಿನಿಯಮ್ಮೋ ಅನ್ನೋದು ಬಹಳ ಕೆಳಗೆ ಬರುತ್ತದೆ.

ಹೆಲ್ಮೆಟ್ ಇಲ್ಲದೆ ಯಾರೂ ಸಾಲಿನಲ್ಲಿ ನಿಲ್ಲಿಸಿಕೊಳ್ಳೋದಿಲ್ಲ. ವೃತ್ತಿಪರರ ದೊಡ್ಡ ರೇಸುಗಳಲ್ಲೇ ಬಹಳ ಕಾಲ ಕಡ್ಡಾಯ ಇರಲಿಲ್ಲ. 2003ರಲ್ಲಿ ಪ್ಯಾರಿಸ್-ನೀಸ್ ರೇಸಿನಲ್ಲಿ ಕಜಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ತಲೆಗೆ ಏಟಾಗಿ ತೀರಿಕೊಂಡ. ಆಮೇಲೆ ಅದೇ ವರ್ಷ ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ನಿಯಮ ಬಿಗಿ ಮಾಡಿತು. ಇನ್ನೊಂದು ಸಣ್ಣ ವಿಷಯ: ಹ್ಯಾಂಡಲಿನ ಎರಡೂ ತುದಿಗೆ ಮುಚ್ಚಳ ಇರಬೇಕು. ಬಿದ್ದಾಗ ಆ ಖಾಲಿ ಕೊಳವೆ ತೊಡೆಗೆ ಚುಚ್ಚಿದರೆ ಚಾಕು ಹಾಕಿದ ಹಾಗೆ. ಕೈ ಮುಂದೆ ಚಾಚಿ ಮೊಣಕೈ ಊರುವ ಏರೋ ಬಾರ್ ಟೈಮ್ ಟ್ರಯಲಿಗೆ ಮಾತ್ರ. ಗುಂಪಿನ ರೇಸಿಗೆ ಬಿಚ್ಚಿಡಿ.

ಈಗ ಟೈರು. ನಮ್ಮ ಕಡೆಯ ದೊಡ್ಡ ಶತ್ರು ಬಳ್ಳಾರಿ ಜಾಲಿ. ಹೊಲದ ಬೇಲಿಗೆ ಕಡಿದು ಎಳೆದುಕೊಂಡು ಹೋಗುವಾಗ ಮುಳ್ಳು ರಸ್ತೆ ತುಂಬ ಉದುರಿರುತ್ತದೆ. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕಿ ಹತ್ತು ನಿಮಿಷಕ್ಕೆ ಮತ್ತೆ ಪಂಕ್ಚರ್ ಆಯಿತು ಅನ್ನುವವರನ್ನು ಬಹಳ ನೋಡಿದ್ದೇನೆ. ಮುಳ್ಳು ಟೈರಿನಲ್ಲೇ ಉಳಿದಿರುತ್ತದೆ. ಹೊರಗಿನಿಂದ ಸಣ್ಣ ಕಪ್ಪು ಚುಕ್ಕೆ, ಒಳಗೆ ಒಂದೂವರೆ ಮಿಲಿಮೀಟರ್ ತುದಿ. ಕಣ್ಣಿಗೆ ಕಾಣೋದಿಲ್ಲ. ಟೈರಿನ ಒಳಮೈಯಲ್ಲಿ ಒಂದು ಹಳೇ ಕಾಲುಚೀಲ ಸವರಿಕೊಂಡು ಬನ್ನಿ. ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಬೆರಳಲ್ಲಿ ಸವರಿದರೆ ಬೆರಳಿಗೇ ಚುಚ್ಚುತ್ತದೆ, ನನಗೆ ಆಗಿದೆ.

ರೋಡ್ ಬೈಕಿನ ತೆಳು ಪ್ರೆಸ್ಟಾ ವಾಲ್ವಿಗೆ ಹೈವೇ ಪಂಕ್ಚರ್ ಅಂಗಡಿಯ ಗಾಳಿ ಪೈಪು ಕೂರೋದಿಲ್ಲ. ಬೆರಳಿನ ತುದಿಯಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಒಂದನ್ನು ಸೀಟಿನ ಚೀಲದಲ್ಲಿ ಹಾಕಿಡಿ. ಗಾಳಿ ಎಷ್ಟು? 28 ಮಿಲಿಮೀಟರ್ ಟೈರು, 70 ಕೆ.ಜಿ. ತೂಕದ ಸವಾರ ಅಂದರೆ 75 ಪಿಎಸ್‌ಐ ಆಸುಪಾಸು ಸಾಕು. ಟೈರಿನ ಮೇಲೆ ಅಚ್ಚಾದ ಗರಿಷ್ಠ ಅಂಕಿ ತಲುಪಲೇಬೇಕು ಅಂತ ಇಲ್ಲ. ನಮ್ಮ ಜಲ್ಲಿ ಎದ್ದ ರಸ್ತೆಗೆ ಬಿರುಸು ಟೈರು ಪುಟಿಯುತ್ತದೆ, ಓಡೋದಿಲ್ಲ.

ಮೂರು ತಿಂಗಳ ತುಳಿತ

40ರಿಂದ 60 ಕಿಲೋಮೀಟರ್ ರೇಸಿಗೆ 12 ವಾರ ಬೇಕು. ವಾರಕ್ಕೆ ನಾಲ್ಕು ದಿನ ಸಾಕು. ವಯಸ್ಸು 40 ದಾಟಿದವರು, ಬಿಪಿ ಸಕ್ಕರೆ ಇರುವವರು ಶುರು ಮಾಡುವ ಮೊದಲು ಡಾಕ್ಟರಿಗೆ ಒಮ್ಮೆ ತೋರಿಸಿಕೊಳ್ಳಿ.

ಮೊದಲ ನಾಲ್ಕು ವಾರ ನಿಧಾನ. ತುಳಿಯುತ್ತಲೇ ಪಕ್ಕದವರ ಹತ್ತಿರ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ನಿಧಾನ. ಇದನ್ನು ಯಾರೂ ಪಾಲಿಸೋದಿಲ್ಲ. ದಿನಾ ಏದುಸಿರು ಬಿಟ್ಟರೇ ಅಭ್ಯಾಸ ಅಂದುಕೊಂಡಿರುತ್ತೇವೆ. ನಿಧಾನದ ದಿನ ನಿಧಾನ ಇದ್ದರೆ ಮಾತ್ರ ಜೋರಿನ ದಿನ ಜೋರು ಬರುತ್ತದೆ. ಪೆಡಲ್ ನಿಮಿಷಕ್ಕೆ 85-95 ಸುತ್ತು ತಿರುಗಲಿ. ದೊಡ್ಡ ಗೇರ್ ಹಾಕಿ ಗಾಣ ತುಳಿದ ಹಾಗೆ ತುಳಿದರೆ ಮಂಡಿ ಹೋಗುತ್ತದೆ.

ಐದನೇ ವಾರದಿಂದ ವಾರಕ್ಕೆ ಎರಡು ದಿನ ಜೋರು. ಇಲ್ಲೇ ನಮ್ಮ ಊರಿನ ಗಾಳಿ ಕೆಲಸಕ್ಕೆ ಬರೋದು. ಜೂನ್‌ನಿಂದ ಆಗಸ್ಟ್‌ವರೆಗೆ, ಆಷಾಢ ಹಿಂದೆ ಮುಂದೆ, ಪಡುವಣ ಗಾಳಿ ಬಿಡದೆ ಬೀಸುತ್ತದೆ. ಚಿತ್ರದುರ್ಗದಿಂದ ಹೊಳಲ್ಕೆರೆ ರಸ್ತೆ ಹಿಡಿದರೆ ಅದು ನೇರ ಮುಖಕ್ಕೆ. ನಾಲ್ಕು ನಿಮಿಷ ಗಾಳಿಗೆ ಎದುರು ಜೋರಾಗಿ, ಮೂರು ನಿಮಿಷ ಆರಾಮ. ಹೀಗೆ ಐದು ಸಲ. ಎದುರು ಗಾಳಿ ಅಂದರೆ ತುದಿ ಇಲ್ಲದ ದಿಬ್ಬ. ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗೆ, 40ರ ವೇಗದಲ್ಲಿ ಸೈಕಲ್ ಹಿಡಿತದಲ್ಲಿಟ್ಟುಕೊಳ್ಳೋದು ಸುಮ್ನೆ ಸಿಗುವ ಪಾಠ. ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ರಾಗಿ ನೋಡಿ ಹೇಳಿದ್ದು, ನಮಗೂ ಆಗುತ್ತದೆ.

ಏರು ಬೇಕಾದವರಿಗೆ ಜೋಗಿಮಟ್ಟಿ ಇದೆ. ಊರಿನಿಂದ ಸುಮಾರು 10 ಕಿಲೋಮೀಟರ್. ಆದರೆ ಅದು ಅರಣ್ಯ ಇಲಾಖೆಯ ಕಾಡು. ಗೇಟಿನಲ್ಲಿ ಕೇಳಿ, ಬಿಟ್ಟರೆ ಮಾತ್ರ ಹೋಗಿ. ಚಿರತೆ, ಕರಡಿ ಇರುವ ಜಾಗ, ನಸುಕಿನಲ್ಲಿ ಒಬ್ಬರೇ ಹೋಗುವ ಶೋಕಿ ಬೇಡ. ದಾವಣಗೆರೆಯವರಿಗೆ ಹತ್ತಿರದಲ್ಲಿ ಅಂಥ ಏರಿಲ್ಲ. ಬದಲಿಗೆ ಸಂತೆಬೆನ್ನೂರು ಕಡೆ ಹೋಗಿ ಬಂದರೆ ಭಾನುವಾರದ 80 ಕಿಲೋಮೀಟರ್ ಆಗುತ್ತದೆ. ಪುಷ್ಕರಣಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು ಬರಬಹುದು. ಚಿತ್ರದುರ್ಗ, ದಾವಣಗೆರೆ ನಡುವಿನ ಹೈವೇ ಸುಮಾರು 60 ಕಿಲೋಮೀಟರ್, ಡಾಂಬರು ಚೆನ್ನಾಗಿದೆ ಅಂತ ಆಸೆ ಆಗುತ್ತದೆ. ಮುಖ್ಯ ಲೇನಿಗೆ ಹೋಗಬೇಡಿ. ಸರ್ವಿಸ್ ರಸ್ತೆಯಲ್ಲೂ ಎದುರಿನಿಂದ ಉಲ್ಟಾ ಬರುವ ಬೈಕುಗಳನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಓಡಿಸಿ.

ಸುಗ್ಗಿಯಲ್ಲಿ ಹಳ್ಳಿ ರಸ್ತೆ ಅರ್ಧ ರಸ್ತೆ, ಅರ್ಧ ಕಣ. ದಾವಣಗೆರೆ ಸುತ್ತ ಮೆಕ್ಕೆಜೋಳ ಒಣಗಿಸಿರುತ್ತಾರೆ. ಒಣ ಕಾಳಿನ ಮೇಲೆ ಬ್ರೇಕ್ ಹಿಡಿದರೆ ಗೋಲಿ ಮೇಲೆ ಹಿಡಿದ ಹಾಗೆ. ಹುರುಳಿ ಇನ್ನೂ ಕೆಟ್ಟದ್ದು. ಬಸ್ಸು ಲಾರಿ ತುಳಿಯಲಿ ಅಂತ ಬಳ್ಳಿ ಸಮೇತ ಹರಡಿರುತ್ತಾರೆ. ಒಮ್ಮೆ ಹೊಳಲ್ಕೆರೆ ದಾರಿಯಲ್ಲಿ ಜಂಬದಿಂದ ಅದರ ಮೇಲೇ ಹಾಯಿಸಿದೆ. ಹತ್ತು ಮೀಟರಿಗೆ ಹಿಂದಿನ ಗೇರ್ ಪೂರ್ತಿ ಹುರುಳಿ ಬಳ್ಳಿಯ ಸಿಂಬೆ. ಪೆಡಲ್ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕಣದ ಅಜ್ಜಿ ಪೊರಕೆ ಹಿಡಿದೇ ಬಂದು, "ಇಳ್ದು ತಳ್ಕಂಡು ಹೋಗಕ್ಕೆ ಏನಾಗಿತ್ತಪ್ಪ ನಿಂಗೆ" ಅಂದರು. ಆಮೇಲೆ ಅವರೇ ಕುಡುಗೋಲಿನ ತುದಿಯಿಂದ ಒಂದೊಂದೇ ಎಳೆ ಬಿಡಿಸಿಕೊಟ್ಟರು. ಗೇರಿನ ಹಲ್ಲುಗಳ ನಡುವೆ ಸಿಕ್ಕಿದ್ದ ಕಾಳನ್ನೂ ಆರಿಸಿ ರಾಶಿಗೆ ಹಾಕಿದರು.

ಪ್ರತಿ ನಾಲ್ಕನೇ ವಾರ ಅರ್ಧ ಕಡಿಮೆ ಮಾಡಿ. ಕೊನೆಯ ವಾರದಲ್ಲೂ ಹಾಗೇ. ರೇಸಿನ ಹಿಂದಿನ ಮೂರು ದಿನದ ಅಭ್ಯಾಸದಿಂದ ಯಾರೂ ಗಟ್ಟಿಯಾದದ್ದಿಲ್ಲ, ಸುಸ್ತಾದವರು ಬಹಳ.

ಬೆನ್ನ ಹಿಂದೆ ಕೂರುವ ವಿದ್ಯೆ

ಇದು ಮುಖ್ಯ. ನಿಧಾನವಾಗಿ ಓದಿ.

ಸಮತಟ್ಟು ರಸ್ತೆಯಲ್ಲಿ 30ರ ವೇಗ ದಾಟಿದ ಮೇಲೆ ನಿಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ ಜಾಸ್ತಿ ಆದ ಹಾಗೆ ಗಾಳಿಗೆ ಕೊಡಬೇಕಾದ ಶಕ್ತಿ ಅದರ ಘನದ ಲೆಕ್ಕದಲ್ಲಿ ಏರುತ್ತದೆ. 30ರಿಂದ 40ಕ್ಕೆ ಹೋಗಬೇಕಾದರೆ ವೇಗ ಮೂರನೇ ಒಂದು ಭಾಗ ಹೆಚ್ಚು, ಗಾಳಿಗೆ ಕೊಡುವ ಶಕ್ತಿ ಎರಡು ಪಟ್ಟಿಗಿಂತಲೂ ಹೆಚ್ಚು. ಮುಂದಿನವರ ಚಕ್ರದ ಹಿಂದೆ ಹತ್ತಿರ ಕೂತರೆ ಇದರಲ್ಲಿ ಒಳ್ಳೆಯ ಪಾಲು ಉಳಿಯುತ್ತದೆ. ಒಟ್ಟು ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗ ಉಳಿದರೂ ಸಾಕಲ್ವಾ? ಬಾಳೆಹಣ್ಣಿನವನ ಗುಟ್ಟು ಇಷ್ಟೇ.

ಇದಕ್ಕೆ ದೊಡ್ಡ ತಂಡ ಬೇಡ. ಇಬ್ಬರಿದ್ದರೆ ಸಾಕು. ವಾಹನ ಇಲ್ಲದ ನೇರ ರಸ್ತೆ, ಬೆಳಗ್ಗೆ ಆರು ಗಂಟೆ.

ಮೊದಲ ದಿನ ಒಂದು ಸೈಕಲ್ಲಿನಷ್ಟು ಅಂತರ ಬಿಟ್ಟು ಕೂರಿ. 25ರ ವೇಗ. ಒಂದು ನಿಮಿಷ ಇವರು ಮುಂದೆ, ಒಂದು ನಿಮಿಷ ಅವರು ಮುಂದೆ. ಕಣ್ಣು ಮುಂದಿನ ಟೈರಿನ ಮೇಲೆ ನೆಡಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಟೈರನ್ನೇ ನೋಡುತ್ತಿದ್ದರೆ ಹಂಪು ಬಂದದ್ದು ಹಾರಿದ ಮೇಲೆ ಗೊತ್ತಾಗುತ್ತದೆ. ಮುಂದಿನವರ ಭುಜದ ಮೇಲಿಂದ ಆಚೆ ನೋಡಿ. ಟೈರು ಕಣ್ಣಿನ ಕೆಳ ಅಂಚಿನಲ್ಲಿ ತಾನೇ ಕಾಣುತ್ತಿರುತ್ತದೆ. ನಾಲ್ಕೈದು ದಿನದಲ್ಲಿ ಅಂತರ ಅರ್ಧ ಸೈಕಲ್ಲಿಗೆ, ಆಮೇಲೆ ಅರ್ಧ ಮೀಟರಿಗೆ ಬರುತ್ತದೆ. ಅದಕ್ಕಿಂತ ಹತ್ತಿರ ಹೋಗುವ ಅವಸರ ಬೇಡ.

ಬ್ರೇಕ್ ಹಿಡಿಯಬೇಡಿ. ಹತ್ತಿರ ಬಂದುಬಿಟ್ಟರೆ ತುಳಿಯೋದು ನಿಲ್ಲಿಸಿ, ಇಲ್ಲವೇ ಬೆನ್ನು ನೆಟ್ಟಗೆ ಮಾಡಿ. ಎದೆಗೆ ಗಾಳಿ ಬಡಿದು ವೇಗ ತಾನೇ ಇಳಿಯುತ್ತದೆ. ಗುಂಪಿನಲ್ಲಿ ಒಬ್ಬ ಗಕ್ಕನೆ ಬ್ರೇಕ್ ಹಿಡಿದರೆ ಹಿಂದಿನ ಹತ್ತು ಜನ ಬೀಳುತ್ತಾರೆ. ಮುಂದಿದ್ದವರು ಬಿದ್ದವರ ಕಡೆ ತಿರುಗಿಯೂ ನೋಡೋದಿಲ್ಲ, ಅವರಿಗೆ ಗೊತ್ತೇ ಆಗಿರೋದಿಲ್ಲ.

ನಿಮ್ಮ ಮುಂದಿನ ಚಕ್ರ ಯಾವತ್ತೂ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಹೋಗಬಾರದು. ಚಕ್ರಕ್ಕೆ ಚಕ್ರ ತಗಲಿದರೆ ಮುಂದಿನವರು ಸ್ವಲ್ಪ ಅಲ್ಲಾಡಿ ಮುಂದೆ ಹೋಗುತ್ತಾರೆ. ನೆಲ ಹಿಡಿಯೋರು ಹಿಂದಿನವರು. ಇದೊಂದು ನೆನಪಿದ್ದರೆ ಅರ್ಧ ಅಪಘಾತ ತಪ್ಪುತ್ತದೆ.

ಮುಂದೆ ಎಳೆದವರು ಬದಲಾಗುವಾಗ ಮೊಣಕೈ ಅಲ್ಲಾಡಿಸಿ ಸೂಚನೆ ಕೊಟ್ಟು, ಹಿಂದೆ ವಾಹನ ಇಲ್ಲ ಅಂತ ನೋಡಿ, ಪಕ್ಕಕ್ಕೆ ಸರಿದು ತುಳಿತ ಸಡಿಲಿಸಬೇಕು. ಈಗ ಮುಂದೆ ಬಂದವರು ವೇಗ ಏರಿಸಬಾರದು. ತನ್ನ ಸರದಿ ಬಂತು ಅಂತ ಹುಮ್ಮಸ್ಸಿನಲ್ಲಿ ಜಿಗಿಯೋದು ಹೊಸಬರ ರೋಗ. ಹಾಗೆ ಜಿಗಿದರೆ, ಈಗಷ್ಟೇ ಎಳೆದು ಸುಸ್ತಾಗಿ ಹಿಂದೆ ಬಂದವರು ಸಾಲಿನ ಬಾಲ ಹಿಡಿಯಲಾಗದೆ ಕಳಚಿಕೊಳ್ಳುತ್ತಾರೆ. ನಾಳೆ ನಿಮಗೂ ಅದೇ.

ಅಡ್ಡ ಗಾಳಿಯ ಲೆಕ್ಕ ಬೇರೆ. ಮಳೆಗಾಲದಲ್ಲಿ ದಾವಣಗೆರೆಯಿಂದ ಭರಮಸಾಗರದ ಕಡೆ ಬನ್ನಿ, ಗಾಳಿ ಬಲಗಡೆಯಿಂದ ತಳ್ಳುತ್ತದೆ. ಆಗ ನೆಟ್ಟಗೆ ಹಿಂದೆ ಕೂತರೆ ನೆರಳು ಸಿಗೋದಿಲ್ಲ. ನೆರಳು ಮುಂದಿನವರ ಎಡ ಹಿಂಭಾಗದಲ್ಲಿ ಬಿದ್ದಿರುತ್ತದೆ. ಸಂಜೆ ಕೆರೆ ಮೇಲೆ ಬೆಳ್ಳಕ್ಕಿಗಳು ಓರೆಯಾಗಿ ಹಾರುತ್ತವಲ್ಲ, ಆ ಸಾಲು. ರೇಸಿನವರು ಎಶೆಲಾನ್ ಅನ್ನುತ್ತಾರೆ. ಕಷ್ಟ ಏನೆಂದರೆ ರಸ್ತೆಗೆ ಅಗಲ ಇಷ್ಟೇ. ಓರೆ ಸಾಲಿನಲ್ಲಿ ಏಳೆಂಟು ಜನಕ್ಕೆ ಜಾಗ. ಆಮೇಲಿನವರು ರಸ್ತೆಯ ಎಡ ಅಂಚಿನಲ್ಲಿ, ನೆರಳಿಲ್ಲದೆ, ಒಬ್ಬರ ಹಿಂದೊಬ್ಬರು ತೂಗಾಡುತ್ತಿರುತ್ತಾರೆ. ಅಲ್ಲಿಂದಲೇ ಗುಂಪು ಒಡೆಯೋದು. ಹಾಗಾಗಿ ದಾರಿ ತಿರುಗಿ ಗಾಳಿ ಅಡ್ಡ ಆಗುವ ಜಾಗ ಎಲ್ಲಿ ಅಂತ ಮೊದಲೇ ನೋಡಿಟ್ಟುಕೊಂಡು, ಅದಕ್ಕೆ ಒಂದು ಕಿಲೋಮೀಟರ್ ಮುಂಚೆಯೇ ಮೊದಲ ಹತ್ತು ಜನರೊಳಗೆ ಸೇರಿಕೊಳ್ಳಿ. ವಾಹನ ಓಡಾಡುವ ರಸ್ತೆಯಲ್ಲಿ ಮಾತ್ರ ಓರೆ ಸಾಲು ಕಟ್ಟಬೇಡಿ, ಒಬ್ಬರು ಇಬ್ಬರು ಎಡ ಅಂಚಿನಲ್ಲೇ ಅಭ್ಯಾಸ ಮಾಡಿ.

ಬೆನ್ನ ಹಿಂದೆ ಕೂತು ಗೆಲ್ಲೋದು ಮೋಸ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಎಲ್ಲರೂ ಸರದಿ ತಗೊಳ್ಳುತ್ತಿರುವಾಗ ನೀವೊಬ್ಬರೇ ಕಳ್ಳಾಟ ಆಡಿದರೆ ಜನ ಮುಖ ತಿರುಗಿಸುತ್ತಾರೆ, ಅದು ಬೇರೆ. ಮೊದಲ ರೇಸಿನಲ್ಲಿ ಮಾತ್ರ ಸರದಿ ತಪ್ಪಿಸಿದರೂ ಯಾರೂ ಬೈಯೋದಿಲ್ಲ. ಅರ್ಧ ನಿಮಿಷ ಎಳೆದು ಸರಿದುಬಿಡಿ.

ಹೊಟ್ಟೆ ಮತ್ತು ಬಾಟಲಿ

ಒಂದೂವರೆ ಗಂಟೆಗಿಂತ ಉದ್ದದ ರೇಸಿಗೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ, ಪಿಷ್ಟ ಒಳಗೆ ಹೋಗಬೇಕು. ದೊಡ್ಡ ಪಚ್ಚಬಾಳೆ ಒಂದರಲ್ಲಿ ಸುಮಾರು 25 ಗ್ರಾಂ. ಏಲಕ್ಕಿಬಾಳೆ ಆದರೆ ಎರಡು ಬೇಕು. ಅರ್ಧ ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಎರಡು ಚಿಟಿಕೆ ಉಪ್ಪು, ಅರ್ಧ ನಿಂಬೆ. ಇದಕ್ಕಿಂತ ಒಳ್ಳೆಯ ಪಾನೀಯವನ್ನು ನಾನು ದುಡ್ಡು ಕೊಟ್ಟು ಕೊಂಡಿಲ್ಲ. ಓಆರ್‌ಎಸ್ ಪ್ಯಾಕೆಟ್ ಮೇಲೆ ಬಹಳ ಜನಕ್ಕೆ ನಂಬಿಕೆ. ಬೆವರಿನ ಉಪ್ಪು ತುಂಬೋದಕ್ಕೆ ಸರಿ, ಆದರೆ ಲೀಟರಿಗೆ ಗ್ಲೂಕೋಸ್ ಇರೋದು 13.5 ಗ್ರಾಂ ಅಷ್ಟೇ. ಅದನ್ನೇ ನಂಬಿದರೆ ಕಾಲು ಬರಿದಾಗುತ್ತದೆ.

ರೇಸಿನ ಹಿಂದಿನ ರಾತ್ರಿ ಅನ್ನ ಸಾರು. ಮುದ್ದೆ ನಿಮಗೆ ದಿನದ ಊಟ ಆಗಿದ್ದರೆ ಮಧ್ಯಾಹ್ನಕ್ಕಿಟ್ಟುಕೊಳ್ಳಿ. ಬೆಳಗ್ಗೆ ಶುರುವಿಗೆ ಎರಡೂವರೆ ಗಂಟೆ ಮುಂಚೆ ಇಡ್ಲಿ ಅಥವಾ ಅವಲಕ್ಕಿ, ಎಣ್ಣೆ ಕಡಿಮೆ. ಬೆಣ್ಣೆ ದೋಸೆ ರೇಸ್ ಮುಗಿದ ಮೇಲೆ. ದಾವಣಗೆರೆಯ ಗೆಳೆಯರು ಈ ಮಾತನ್ನು ಒಪ್ಪೋದಿಲ್ಲ, ಎರಡನೇ ದಿಬ್ಬದಲ್ಲಿ ಒಪ್ಪುತ್ತಾರೆ. ಯಾವುದನ್ನೇ ಆಗಲಿ, ರೇಸಿನ ದಿನ ಮೊದಲ ಸಲ ತಿನ್ನಬೇಡಿ, ಕುಡಿಯಬೇಡಿ.

ಹಿಂದಿನ ದಿನ

ಬೆಂಗಳೂರು ಚಿತ್ರದುರ್ಗದಿಂದ 200 ಕಿಲೋಮೀಟರ್, ದಾವಣಗೆರೆಯಿಂದ 260ರ ಮೇಲೆ. ಬಸ್ಸಿನ ಲಗೇಜ್ ಗೂಡಿನಲ್ಲಿ ಸೈಕಲ್ ಹಾಕೋದಾದರೆ ಎರಡೂ ಚಕ್ರ ಬಿಚ್ಚಿ, ಚೈನ್ ಇರುವ ಬಲಮಗ್ಗುಲು ಮೇಲೆ ಬರುವ ಹಾಗೆ ಮಲಗಿಸಿ. ಹಿಂದಿನ ಗೇರ್ ತೂಗುವ ಸಣ್ಣ ಹ್ಯಾಂಗರ್ ಬೇಗ ಬಾಗುತ್ತದೆ, ಅದಕ್ಕೆ ರಟ್ಟು ಸುತ್ತಿ. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡು ಸಿಕ್ಕಿಸಿ. ಚಕ್ರ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡುಗಳು ಅಂಟಿಕೊಂಡುಬಿಡುತ್ತವೆ. ಹಿಂದಿನ ಸಂಜೆಯೇ ಜೋಡಿಸಿ, ಅರ್ಧ ಗಂಟೆ ಓಡಿಸಿ, ಎಲ್ಲ ಗೇರ್ ಬದಲಿಸಿ ನೋಡಿ.

ನಂಬರ್ ಚೀಟಿಯನ್ನೂ ರಾತ್ರಿಯೇ ಜೆರ್ಸಿಗೆ ಪಿನ್ ಮಾಡಿ. ನಿಂತುಕೊಂಡು ಹಾಕಿದರೆ ಬಗ್ಗಿದಾಗ ಗಾಳಿಪಟದ ಹಾಗೆ ಉಬ್ಬುತ್ತದೆ. ದಿಂಬಿಗೆ ಜೆರ್ಸಿ ತೊಡಿಸಿ ಎಳೆದು ಬಿಗಿಯಾಗಿ ಹಾಕಿ, ಹಿಂದಿನ ಜೇಬಿಗೆ ಅಡ್ಡ ಬಾರದ ಹಾಗೆ. ಜೇಬೇ ಪಿನ್ ಮಾಡಿಕೊಂಡು ರೇಸ್ ನಡುವೆ ಬಾಳೆಹಣ್ಣಿಗೆ ತಡಕಾಡಿದವರಲ್ಲಿ ನಾನೂ ಒಬ್ಬ.

ರೇಸಿನ ಬೆಳಗ್ಗೆ

ಒಂದು ಗಂಟೆ ಮುಂಚೆ ಜಾಗದಲ್ಲಿರಿ. ಸಹಿ ಹಾಕಿ, ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಸೂಚನೆ ಹೇಳುವಾಗ ಸೆಲ್ಫಿ ತೆಗೆಯಬೇಡಿ, ಯೂ ಟರ್ನ್ ಎಲ್ಲಿ, ಕೊನೆಯ ಗೆರೆ ಎಲ್ಲಿ ಅಂತ ಹೇಳೋದು ಆಗಲೇ. ನಮ್ಮ ಹವ್ಯಾಸಿ ರೇಸುಗಳಲ್ಲಿ ಹೆಚ್ಚಿನ ಕಡೆ ರಸ್ತೆ ಪೂರ್ತಿ ಮುಚ್ಚಿರೋದಿಲ್ಲ. ಟ್ರ್ಯಾಕ್ಟರ್, ಹಾಲಿನ ಗಾಡಿ, ದನ ಎಲ್ಲ ಬರುತ್ತವೆ. ಮಧ್ಯದ ಗೆರೆ ದಾಟಿದರೆ ಹೊರಗೆ ಹಾಕುತ್ತಾರೆ, ಹಾಕಲೇಬೇಕು. ಇಯರ್‌ಫೋನ್ ಚೀಲದಲ್ಲಿರಲಿ.

ಟೈಮ್ ಟ್ರಯಲ್ ಆದರೆ ಮೊದಲ ಐದು ನಿಮಿಷ ಇದು ಸಾಲದು ಅನ್ನಿಸುವಷ್ಟು ತಡೆದು ಓಡಿಸಿ. ಹೋಗಿ ಬರುವ ದಾರಿಯಲ್ಲಿ ಎದುರು ಗಾಳಿ ಇರುವ ಕಡೆ ಸ್ವಲ್ಪ ಜಾಸ್ತಿ ಶಕ್ತಿ ಹಾಕಿ, ಬೆನ್ನು ಗಾಳಿಯಲ್ಲಿ ಸ್ವಲ್ಪ ಉಳಿಸಿ. ಎದುರು ಗಾಳಿಯಲ್ಲಿ ಹೊತ್ತು ಜಾಸ್ತಿ ಕಳೆಯುತ್ತೇವೆ, ಹಾಗಾಗಿ ಗಳಿಸೋದೂ ಅಲ್ಲೇ ಜಾಸ್ತಿ.

ಮಾಸ್ ಸ್ಟಾರ್ಟ್ ಆದರೆ ಮೊದಲ ಹತ್ತು ನಿಮಿಷ ಹುಚ್ಚು ಓಟ. ಹೆದರಬೇಡಿ, ಅದು ಇಳಿಯುತ್ತದೆ. ಗುಂಪಿನ ಮುಂದಿನ ಮೂರನೇ ಒಂದು ಭಾಗದಲ್ಲಿರಿ. ತೀರಾ ಮುಂದೆ ಗಾಳಿ, ತೀರಾ ಹಿಂದೆ ಜಗ್ಗಾಟ. ತಿರುವಿನಲ್ಲಿ ಮುಂದಿನವರು 30ಕ್ಕೆ ಇಳಿದರೆ ಬಾಲದಲ್ಲಿರುವವರು 15ಕ್ಕೆ ಇಳಿದು ಮತ್ತೆ ಜಿಗಿಯಬೇಕಾಗುತ್ತದೆ. ದಿಬ್ಬ ಬರುವ ಮೊದಲೇ ಮುಂದೆ ಸರಿದುಕೊಂಡರೆ, ಹತ್ತುವಾಗ ಹತ್ತು ಜನ ದಾಟಿ ಹೋದರೂ ನೀವಿನ್ನೂ ಗುಂಪಿನಲ್ಲೇ ಇರುತ್ತೀರಿ. ಗುಂಪು ತಪ್ಪಿಹೋದರೆ ಒಬ್ಬರೇ ಬೆನ್ನಟ್ಟಬೇಡಿ. ತಪ್ಪಿದವರು ಇನ್ನೂ ಮೂರು ನಾಲ್ಕು ಜನ ಹಿಂದೆ ಬರುತ್ತಿರುತ್ತಾರೆ. ಕಾದು ಜೊತೆ ಸೇರಿ ಸರದಿಯಲ್ಲಿ ಎಳೆಯಿರಿ.

ಕೊನೆಯ ಓಟಕ್ಕೂ ಗಾಳಿ ನೋಡಿ. ಎದುರು ಗಾಳಿ ಇದ್ದರೆ ಕೊನೆಯ 150 ಮೀಟರ್‌ವರೆಗೂ ಯಾರದ್ದಾದರೂ ಹಿಂದೆ ಅವಿತಿರಿ. ಬೆನ್ನು ಗಾಳಿ ಆದರೆ ಇನ್ನೂ ದೂರದಿಂದಲೇ ಹೊರಡಬಹುದು. ನೆಟ್ಟಗೆ ಓಡಿಸಿ, ಅಡ್ಡಾದಿಡ್ಡಿ ಹೋಗಬೇಡಿ. ಗೆರೆ ದಾಟಿದ ಕೂಡಲೇ ಕೈ ಎತ್ತಿ ಬ್ರೇಕ್ ಹಿಡಿಯಬೇಡಿ, ಹಿಂದೆ ಜನ ಇದ್ದಾರೆ.

ಗೆರೆ ದಾಟಿದ ಮೇಲೆ

ಹತ್ತು ನಿಮಿಷ ಸಣ್ಣ ಗೇರಿನಲ್ಲಿ ತುಳಿಯುತ್ತಿರಿ. ಬಿದ್ದಿದ್ದರೆ ಹೆಲ್ಮೆಟ್ ತೆಗೆದು ಒಳಗಿನ ಥರ್ಮಾಕೋಲ್ ನೋಡಿ. ಬಿರುಕು ಬಿಟ್ಟಿದ್ದರೆ ಅದರ ಕೆಲಸ ಮುಗಿಯಿತು, ಬೇರೆ ತಗೊಳ್ಳಿ. ತಲೆಗೆ ಏಟು ಬಿದ್ದು ವಾಂತಿ, ಮಂಕು, ತಲೆನೋವು ಇದ್ದರೆ ಬಸ್ಸು ಹತ್ತುವ ಮುನ್ನ ಡಾಕ್ಟರ್ ಹತ್ತಿರ ಹೋಗಿ.

ಫಲಿತಾಂಶದ ಪಟ್ಟಿಯಲ್ಲಿ ನಿಮ್ಮ ಸ್ಥಾನಕ್ಕಿಂತ ನಿಮಗೂ ಮುಂದಿನ ಗುಂಪಿಗೂ ಎಷ್ಟು ನಿಮಿಷದ ಅಂತರ ಅನ್ನೋದು ನೋಡಿ. ಎಲ್ಲಿ ಕಳಚಿಕೊಂಡಿರಿ, ಆಗ ಗಾಳಿ ಯಾವ ಕಡೆಯಿಂದ ಇತ್ತು, ನಿಮ್ಮ ಮುಂದೆ ಯಾರಿದ್ದರು ಅಂತ ಅದೇ ದಿನ ಮೊಬೈಲಲ್ಲಿ ಬರೆದಿಡಿ. ಎರಡು ದಿನಕ್ಕೆ ಮರೆಯುತ್ತದೆ, ನೆಪ ಮಾತ್ರ ನೆನಪಿರುತ್ತದೆ.

ನಾನು ಎರಡನೇ ರೇಸಿಗೆ ಹೋದಾಗ ಬಾಳೆಹಣ್ಣಿನವನು ಸಾಲಿನಲ್ಲಿ ನನ್ನ ಪಕ್ಕವೇ ನಿಂತಿದ್ದ. ಗುರುತು ಹಿಡಿದು ನಕ್ಕ. "ಇವತ್ತೂ ನೀವೇ ಎಳೀತೀರಾ ಸಾರ್?" ಅಂದ. ಇಲ್ಲ ಅಂದೆ. ಆ ದಿನ 30 ಕಿಲೋಮೀಟರ್ ಅವನ ಹಿಂದೆಯೇ ಕೂತಿದ್ದೆ, ನನ್ನ ಜೇಬಲ್ಲೂ ಎರಡು ಏಲಕ್ಕಿಬಾಳೆ ಇದ್ದವು.